ರೂತ್ ಹಾರಿಸದ ಗುಂಡು

ಕೋವಿಡ್ ಮುಗಿದ ಮರುವರ್ಷ. ಆಗ ನಾನು ಮಿಶಿಗನ್ನಿನ ನೋವೈಯಲ್ಲಿದ್ದುಕೊಂಡೇ ವೆಸ್ಟರ್ನ್ ಸಿನಿಮಾಗಳಿಗೆ, ಅಂದರೆ ಕುದುರೆ, ಕೋವಿ, ಮರುಭೂಮಿಯ ಕೌಬಾಯ್ ಚಿತ್ರಗಳಿಗೆ, ಚಿತ್ರಕಥೆ ಬರೆಯುತ್ತಿದ್ದೆ. ವಿಕ್ಸಮ್‌ನಲ್ಲಿ ಕಾರಿನ ಸೀಟು ತಯಾರಿಸುವ ಕಂಪನಿಯ ಕೆಲಸ ಬಿಟ್ಟು ಈ ಕಸುಬಿಗೆ ಬಂದವಳು. ಮೊದಮೊದಲು ಬರೆದದ್ದೆಲ್ಲ ಅಮೆರಿಕನ್ ಗಂಡಸಿನ ಹೆಸರೊಂದರಲ್ಲಿ. ಮೈಸೂರಿನ ಸುಮಿತ್ರಾ ಕೌಬಾಯ್ ಕಥೆ ಬರೆದರೆ ಯಾರು ನಂಬುತ್ತಾರೆ ಎಂದು ನಿರ್ಮಾಪಕರೇ ಕೇಳುತ್ತಿದ್ದರು.

ನನ್ನದೇ ಹೆಸರಿನಲ್ಲಿ ಮಾರಾಟವಾದ ಮೊದಲ ಕಥೆ ರೂತ್ ಎಂಬ ವಿಧವೆಯದು. ಗಂಡನನ್ನು ಕೊಂದವನು ಬಾಯಾರಿ ಅವಳ ಬಾವಿಯ ಬಳಿಗೆ ಬರುತ್ತಾನೆ. ಕೋವಿ ಅವಳ ಕೈಯಲ್ಲೇ ಇದೆ. ಅವಳು ನೀರು ಕೊಟ್ಟು ಕಳಿಸುತ್ತಾಳೆ.

ಇದು ಬರಿಯ ಕಲ್ಪನೆಯಲ್ಲ. ನನ್ನ ಗಂಡ ಶ್ರೀಧರ ಕೆಲಸದಿಂದ ಮರಳುವಾಗ, ಅಮಲಿನಲ್ಲಿ ಕಾರು ಓಡಿಸುತ್ತಿದ್ದ ಟಾಮ್ ಎಂಬವನು ಫ್ರೀವೇಯಲ್ಲಿ ಗುದ್ದಿ ಅವನ ಜೀವ ತೆಗೆದಿದ್ದ. ಜೈಲಿನಿಂದ ಬಿಡುಗಡೆಯಾದ ಮೇಲೆ ನಮ್ಮ ಬಾಗಿಲಿಗೆ ಬಂದು ಕ್ಷಮೆ ಕೇಳಿದ. ಕ್ಷಮಿಸಿದೆ ಎನ್ನಲು ನನ್ನಿಂದಾಗಲಿಲ್ಲ. ಅವನ ತುಟಿ ಒಣಗಿತ್ತು. ಒಂದು ಲೋಟ ನೀರು ಕೊಟ್ಟೆ. ಕುಡಿದು ಹೋದ.

ಶಿಕಾಗೋ ಹೊರವಲಯದ ಡೆಸ್ ಪ್ಲೇನ್ಸ್‌ನ ಹೋಟೆಲೊಂದರಲ್ಲಿ ಕಥೆ ಕೇಳಿದ ನಿರ್ಮಾಪಕ ಕ್ರೇಗ್ ಕಣ್ಣೊರೆಸಿಕೊಂಡಿದ್ದ. ಚಿತ್ರ ಮುಗಿದಾಗ ತೋರಿಸಲು ಅಲ್ಲಿಗೇ ಕರೆಸಿದ. ಮಗಳು ನಿಧಿ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಕೊನೆಯ ದೃಶ್ಯದಲ್ಲಿ ರೂತ್ ನೀರು ಕೊಟ್ಟಳು. ಅವನು ಬಗ್ಗಿ ಕುಡಿಯುತ್ತಿದ್ದಾಗ ಗುಂಡು ಹಾರಿಸಿದಳು. ನನಗೆ ತಿಳಿಸದೆ ಬೇರೊಬ್ಬರಿಂದ ತಿದ್ದಿ ಬರೆಸಿದ್ದರು.

"ಅಮ್ಮಾ, ದಟ್ಸ್ ನಾಟ್ ಯು," ಎಂದಳು ನಿಧಿ.

ನನ್ನ ಕ್ರೆಡಿಟ್, ಅಂದರೆ ತೆರೆಯ ಮೇಲೆ ಬರುವ ಹೆಸರು, ತೆಗೆಯಿರಿ ಎಂದು ಕೇಳಿದೆ. ಕ್ರೇಗ್ ನಕ್ಕುಬಿಟ್ಟ. "ಗಂಡನನ್ನು ಕಳೆದುಕೊಂಡ ಭಾರತೀಯ ಹೆಣ್ಣು ಬರೆದ ವೆಸ್ಟರ್ನ್ ಅಂತಲೇ ಪ್ರಚಾರ ಮಾಡಿದ್ದೇವೆ. ನಿಮ್ಮ ಹೆಸರಿಲ್ಲದೆ ಇದನ್ನು ಯಾರು ನೋಡ್ತಾರೆ?" ಹೆಸರು ತೆಗೆಸುವ ಹಕ್ಕು ಒಪ್ಪಂದದಲ್ಲಿ ನನಗಿಲ್ಲ ಎಂದು ವಕೀಲರೂ ಹೇಳಿದರು.

ಚಿತ್ರ ನೋವೈಗೂ ಬಂತು. ದೇವಸ್ಥಾನದಲ್ಲಿ ಪರಿಚಯದ ಹುಡುಗಿಯೊಬ್ಬಳು ಓಡಿಬಂದು ಕೈ ಹಿಡಿದುಕೊಂಡಳು: "ಆಂಟಿ, ಕೊನೇಲಿ ಶೂಟ್ ಮಾಡ್ತಾಳಲ್ಲ, ಸಖತ್ತಾಗಿದೆ! ಅಂಥೋರಿಗೆ ಹಂಗೇ ಆಗ್ಬೇಕು."

ಆಮೇಲೊಂದು ಸಂಜೆ ಅಂಗಡಿಯ ಪಾರ್ಕಿಂಗ್‌ನಲ್ಲಿ ಟಾಮ್ ಎದುರಾದ. ನನ್ನನ್ನು ಕಂಡು ದೂರವೇ ನಿಂತ.

"ಸಿನಿಮಾ ನೋಡಿದೆ. ಅವತ್ತು ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಅದು ಅಂತ ಈಗ ಗೊತ್ತಾಯಿತು. ತಪ್ಪು ಅನ್ನೋದಿಲ್ಲ."

"ಅದನ್ನು ನಾನು ಬರೆದಿಲ್ಲ."

"ನಿಮ್ಮ ಹೆಸರಿತ್ತಲ್ಲ."

ವಿವರಿಸಲು ಹತ್ತಿರ ಹೋದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಆ ಹೆಜ್ಜೆಗಾಗಿ ನಾನು ಕ್ರೇಗ್‌ನನ್ನು ಇಂದಿಗೂ ಕ್ಷಮಿಸಿಲ್ಲ.

ಬರಹಗಾರನಿಗೆ ತನ್ನ ಹೆಸರು ತೆರೆಯ ಮೇಲೆ ಕಾಣಿಸುವುದೇ ದೊಡ್ಡದೆಂದು ನಾನೂ ನಂಬಿದ್ದೆ. ಬೇಡವೆಂದಾಗ ಅದನ್ನು ಅಳಿಸುವ ಹಕ್ಕೇ ದೊಡ್ಡದೆಂದು ಈ ಕೆಲಸ ಕಲಿಸಿತು. ಈಗ ಯಾರು ಕಥೆ ಕೇಳಿಬಂದರೂ ಮೊದಲು ಇಡುವ ಷರತ್ತು ಅದೇ. ಎಲ್ಲರೂ ನ್ಯಾಯವಾದ ಮಾತು ಎನ್ನುತ್ತಾರೆ. ಇದುವರೆಗೆ ಯಾರೂ ಸಹಿ ಹಾಕಿಲ್ಲ.