ಆಮಾ ಅನ್ನುವವರು

ನಾವು ಸಿಂಗಾಪುರದ ಪುಂಗೋಲ್‌ನಲ್ಲಿದ್ದಾಗ ಪಕ್ಕದ ಮನೆಯ ತಮಿಳು ಅಂಕಲ್ ಬೆಳಿಗ್ಗೆ ಕಥೆ ಬರೆಯುತ್ತಿದ್ದರು, ಮಧ್ಯಾಹ್ನ ಕಿರುಚಿತ್ರದ ಕೆಲಸ ಮಾಡುತ್ತಿದ್ದರು, ಸಂಜೆ ಬಿಲ್ಲು ಬಡಿದು ಹಾಡುತ್ತಿದ್ದರು. ‘ನಾನು ಮದುವೆ ಆಗಿದ್ದು ಒಬ್ಬರನ್ನ, ಅನ್ನ ಬಡಿಸ್ತಿರೋದು ಮೂರು ಜನಕ್ಕೆ’ ಅನ್ನುವುದು ಅವರ ಹೆಂಡತಿಯ, ಅಂದರೆ ನಮ್ಮ ಆಂಟಿಯ ಮಾತು. ಆ ಮೂವರಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಬರೆಯುವವರು ಉದ್ದುದ್ದ ಬರೆದಿಟ್ಟದ್ದನ್ನು ಚಿತ್ರ ಮಾಡುವವರು ಕತ್ತರಿಸುತ್ತಿದ್ದರು. ಹಾಡುವವರು ಇಬ್ಬರನ್ನೂ ಕೇಳದೆ ತೋಚಿದ್ದನ್ನು ಸೇರಿಸುತ್ತಿದ್ದರು. ಅವರೆಲ್ಲ ಮಾತಾಡುತ್ತಿದ್ದದ್ದು ತಮಿಳಿನಲ್ಲಿ, ಇಲ್ಲಿ ನಾನು ಕನ್ನಡದಲ್ಲೇ ಬರೆಯುತ್ತೇನೆ. ಅಂಕಲ್ ಇದ್ದಿದ್ದರೆ ‘ಅನುವಾದದಲ್ಲಿ ನನ್ನ ಜೋಕೆಲ್ಲ ಸತ್ತುಹೋಯ್ತು’ ಅಂತ ಜಗಳಕ್ಕೆ ಬರುತ್ತಿದ್ದರು.

ಅವರು ಹಾಡುತ್ತಿದ್ದದ್ದು ವಿಲ್ಲುಪ್ಪಾಟ್ಟು, ಬಿಲ್ಲಿನ ಹಾಡು. ಗಂಟೆ ಕಟ್ಟಿದ ಉದ್ದನೆಯ ಬಿಲ್ಲನ್ನು ಅಡ್ಡಲಾಗಿ ಇಟ್ಟುಕೊಂಡು, ಹುರಿಗೆ ಕೋಲಿನಿಂದ ಬಡಿಯುತ್ತ ಕಥೆ ಹೇಳುವುದು. ಪಕ್ಕದಲ್ಲಿ ಮಣ್ಣಿನ ಕೊಡ ತಟ್ಟುತ್ತ ಆಂಟಿ. ಅಂಕಲ್ ಒಂದು ಸಾಲು ಹೇಳಿ ಆಂಟಿಯ ಕಡೆ ತಿರುಗುತ್ತಿದ್ದರು. ಆಂಟಿ ‘ಆಮಾ’ ಅನ್ನುತ್ತಿದ್ದರು. ಆಮಾ ಅಂದರೆ ಹೌದು. ಅದು ಬಂದ ಮೇಲೆಯೇ ಮುಂದಿನ ಸಾಲು. ಬೆಳಿಗ್ಗೆ ಕಾಫಿಗೆ ಸಕ್ಕರೆ ಹೆಚ್ಚಾಗಿದೆ ಅಂತ ಗಂಡ ಹೆಂಡತಿಗೆ ಜಗಳವಾಗಿದ್ದರೆ ಸಂಜೆ ಆಮಾ ತಡವಾಗಿ ಬರುತ್ತಿತ್ತು. ಅಂಕಲ್ ಕೋಲು ಎತ್ತಿ ಹಿಡಿದು, ನಗುತ್ತ, ಎಲ್ಲರ ಮುಂದೆ ಕಾಯುತ್ತ ಕೂತಿರುತ್ತಿದ್ದರು.

ಮೊದಲ ಸಲ ನೋಡಿದಾಗ ನಾನು ಸ್ಕೂಲ್ ಯೂನಿಫಾರ್ಮ್‌ನಲ್ಲೇ ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್‌ನ ಕಂಬಕ್ಕೆ ಒರಗಿ ನಿಂತಿದ್ದೆ. ‘ಆಂಟಿ ಸುಮ್ನೆ ಯೆಸ್ ಯೆಸ್ ಅಂತಾರಲ್ಲ, ಸೋ ಬೋರಿಂಗ್ ಲಾ’ ಅಂದೆ. ಜಮಖಂಡಿಯ ಕಡೆಯ ನಮ್ಮ ಅಮ್ಮ ನನ್ನ ತಲೆಗೆ ಮೊಟಕಿದರು. ‘ಹುಚ್ಚಿ, ನಿಮ್ಮಜ್ಜಿ ಕಥಿ ಹೇಳಬೇಕಾದ್ರ ನಾವು ಹೂಂ ಅನ್ನಬೇಕಿತ್ತು. ಹೂಂ ಅನ್ನೂದ ಬಿಟ್ಟರ ಅಕಿ ಕಥಿ ಬಿಟ್ಟು ಮಲಗಿಬಿಡಾಕಿ’ ಅಂದರು. ಬೇರೆಯವರ ಮುಂದೆ ಬೆಂಗಳೂರು ಕನ್ನಡ ಆಡುವ ಅಮ್ಮನಿಗೆ ಬಿಲ್ಲಿನ ಹಾಡು ಕೇಳಿದರೆ ಊರಿನ ಮಾತು ತಾನಾಗಿ ಬರುತ್ತಿತ್ತು. ತಮಿಳು ಅವರಿಗೆ ಬರುತ್ತಿದ್ದದ್ದು ತರಕಾರಿ ಚೌಕಾಸಿಗೆ ಬೇಕಾದಷ್ಟೇ. ಆದರೂ ಪ್ರತಿ ಸಾಲಿಗೆ, ತಪ್ಪದೆ, ಹೂಂ ಅನ್ನುತ್ತಿದ್ದರು.

ಹಾಗಂತ ಅಮ್ಮ ಅಂಕಲ್ ಅವರನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ಅವರು ಅಭ್ಯಾಸ ಶುರುಮಾಡಿದರೆ ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಅಂತ ಅಡುಗೆಮನೆಯಿಂದಲೇ ಗೊಣಗುತ್ತಿದ್ದರು. ಗೊಣಗಿ, ಮಾಡಿದ ಜೋಳದ ರೊಟ್ಟಿಯಲ್ಲಿ ಎರಡನ್ನು ಎಣ್ಣೆಗಾಯಿ ಜೊತೆ ನನ್ನ ಕೈಯಲ್ಲಿ ಅವರ ಮನೆಗೆ ಕಳಿಸುತ್ತಿದ್ದರು.

ಹೊಸ ಫ್ಲಾಟ್‌ಗಳಲ್ಲಿ ಎಲ್ಲರ ಮನೆಗೂ ಒಂದು ಬಾಂಬ್ ಶೆಲ್ಟರ್ ಇರುತ್ತದೆ. ದಪ್ಪ ಗೋಡೆ, ಉಕ್ಕಿನ ಬಾಗಿಲು. ಯುದ್ಧ ಬರುವ ತನಕ ಅದು ಅಕ್ಕಿ ಮೂಟೆ, ಸೂಟ್‌ಕೇಸ್ ಇಡುವ ಜಾಗ. ಅಂಕಲ್ ಮನೆಯದರಲ್ಲಿ ಬಿಲ್ಲು ಓರೆಯಾಗಿ ನಿಂತಿರುತ್ತಿತ್ತು. ನಾನು ಓದು ಮುಗಿಸಿ ಬ್ಯೂನಾ ವಿಸ್ಟಾದ ಒಂದು ಮೀಡಿಯಾ ಆಫೀಸಿನಲ್ಲಿ ವಿಡಿಯೊ ಎಡಿಟರ್ ಆದಾಗ, ಅವರು ಆ ಶೆಲ್ಟರ್‌ನಿಂದ ಮೂಟೆಗಳನ್ನೆಲ್ಲ ಹೊರಹಾಕಿ, ‘ನೋಡು, ಸರ್ಕಾರ ಕಟ್ಟಿಸಿಕೊಟ್ಟ ಸ್ಟುಡಿಯೊ’ ಅಂತ ತೋರಿಸಿದರು. ಆಂಟಿಯ ಅಕ್ಕಿ ಮೂಟೆ ಅಂದಿನಿಂದ ಸೋಫಾದ ಪಕ್ಕಕ್ಕೆ ಬಂತು. ಆ ವಾರವೆಲ್ಲ ಆಮಾ ತಡವಾಗಿಯೇ ಬಂತು.

ಅಲ್ಲಿ ಶುರುವಾದದ್ದು ಅವರ ದೊಡ್ಡ ಚಿತ್ರ. ಅವರೇ ಕಟ್ಟಿದ ಕಥೆಯನ್ನು ಅವರೇ ಹಾಡುವುದು, ಅವರೇ ಚಿತ್ರ ಮಾಡುವುದು, ಎಡಿಟಿಂಗ್ ನನ್ನದು. ಕಥೆ ಇಷ್ಟೇ: ಹಳೆಯ ಕಾಲದಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ರುಬ್ಬುವ ಕಲ್ಲು ಹೊತ್ತು, ಹಡಗಿನಲ್ಲಿ ಗಂಡನನ್ನು ಹುಡುಕಿಕೊಂಡು ಸಿಂಗಾಪುರಕ್ಕೆ ಬರುತ್ತಾಳೆ. ದಡದಲ್ಲಿ ಗಂಡ ಇಲ್ಲ. ಮುಂದೆ ಏನಾಯಿತು ಅನ್ನುವುದು ಕೊನೆಯ ಭಾಗ. ಅದನ್ನು ಅಂಕಲ್ ಎಂದೂ ಬರೆದಿಡಲಿಲ್ಲ. ಕೇಳುವವರ ಮುಖ ನೋಡಿ ಒಂದೊಂದು ಸಲ ಒಂದೊಂದು ರೀತಿ ಹಾಡುತ್ತಿದ್ದರು. ಚಿತ್ರಕ್ಕಾದರೂ ಒಂದನ್ನು ಗಟ್ಟಿ ಮಾಡಿ ಅಂದರೆ ‘ಬಾಯಿಗೆ ಬರಲಿ, ನೋಡೋಣ’ ಅನ್ನುತ್ತಿದ್ದರು.

ಬಾಯಿಗೆ ಬರುವ ಮೊದಲು ಗಂಟಲಿಗೆ ಬಂತು. ಧ್ವನಿ ಒಡೆಯುತ್ತಿದೆ ಅಂತ ತೋರಿಸಲು ಹೋದರೆ, ಗಡ್ಡೆ ಇದೆ, ಸ್ವರಪೆಟ್ಟಿಗೆಯ ಒಂದು ಭಾಗ ತೆಗೆಯಬೇಕು, ತಡಮಾಡುವ ಹಾಗಿಲ್ಲ ಅಂದರು ಡಾಕ್ಟರು. ಕೊನೆಯ ಭಾಗ ರೆಕಾರ್ಡ್ ಆಗಲೇ ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಮಾತಾಡಿದರೆ ಟೈರಿನಿಂದ ಗಾಳಿ ಹೋದ ಹಾಗೆ ಕೇಳುತ್ತಿತ್ತು. ಅಮ್ಮ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, ‘ಆ ಹಾಡಿದ್ದೇ ಹಾಡೋ ದಾಸ ಈಗ ಒಂದ್ ಸಲ ಹಾಡ್ಲಿ ನೋಡೂಣು’ ಅಂದು ಅತ್ತರು. ಎರಡು ಮನೆಯ ನಡುವಿನ ಗೋಡೆ ಅಷ್ಟು ಮೌನವಾಗಿದ್ದದ್ದನ್ನು ನನಗೂ ತಡೆಯಲಾಗಲಿಲ್ಲ.

ಚಿತ್ರ ಮುಗಿಯಬೇಕು ಅನ್ನುವುದೊಂದೇ ಆಗ ಅಂಕಲ್ ಅವರ ಹಟ. ನನ್ನ ಬಳಿ ಉಪಾಯವಿತ್ತು. ಹಳೆಯ ರೆಕಾರ್ಡಿಂಗ್ ಕೊಟ್ಟರೆ ಅದೇ ಧ್ವನಿಯಲ್ಲಿ ಹೊಸ ಸಾಲುಗಳನ್ನು ಹಾಡಿಸುವ ಎಐ ಸಾಫ್ಟ್‌ವೇರ್ ಈಗ ಯಾರಿಗೆ ತಾನೇ ಗೊತ್ತಿಲ್ಲ? ಅಂಕಲ್ ಅಂತೂ ಇಂತೂ ಕೊನೆಯ ಭಾಗವನ್ನು ಬರೆದುಕೊಟ್ಟರು: ಹೆಂಗಸು ದಡದಲ್ಲೇ ಕೂತು ಕಾಯುತ್ತಾಳೆ, ಒಂದು ದಿನ ಗಂಡ ಬರುತ್ತಾನೆ. ನಾನು ಧ್ವನಿ ತಯಾರು ಮಾಡಿ, ಲ್ಯಾಪ್‌ಟಾಪ್ ತಂದು ಕೇಳಿಸಿದೆ. ಅಂಕಲ್ ಎದೆ ತಟ್ಟಿಕೊಂಡು ‘ನಾನೇ! ನಾನೇ!’ ಅಂತ ತುಟಿ ಆಡಿಸಿದರು. ನಾನು ಗೆದ್ದೆ ಅಂದುಕೊಂಡೆ.

ಉಳಿದದ್ದು ಆಂಟಿಯ ಆಮಾ ಮಾತ್ರ. ಶೆಲ್ಟರ್‌ನಲ್ಲಿ ಕೊಡದ ಮುಂದೆ ಕೂರಿಸಿ, ಹೆಡ್‌ಫೋನ್ ಹಾಕಿ, ಶುರುಮಾಡಿದೆ. ಮೊದಲ ಸಾಲು ಬಂತು. ಆಂಟಿ ಬಾಯಿ ತೆರೆಯಲಿಲ್ಲ. ಎರಡನೆಯದು ಬಂತು, ಮೂರನೆಯದು ಬಂತು.

‘ಆಂಟಿ, ಗ್ಯಾಪ್ ಸಾಲದಾ? ಸ್ವಲ್ಪ ಜಾಸ್ತಿ ಮಾಡ್ಲಾ?’

‘ಗ್ಯಾಪ್ ಅಲ್ಲಮ್ಮಾ.’

ಆದರೂ ಜಾಸ್ತಿ ಮಾಡಿದೆ. ಆಂಟಿ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ‘ಧ್ವನಿ ಇವರದ್ದೇ. ಇಲ್ಲ ಅನ್ನಲ್ಲ. ಆದ್ರೆ ನಾನು ಆಮಾ ಅಂದ್ರೂ ಇದು ಮುಂದೆ ಹೋಗತ್ತೆ, ಅನ್ನದಿದ್ರೂ ಹೋಗತ್ತೆ. ಇಷ್ಟು ವರ್ಷದಲ್ಲಿ ಇವರು ಒಂದು ಸಲಾನೂ ಹಾಗೆ ಹೋಗಿಲ್ಲ.’

ಅಂಕಲ್ ಬಾಗಿಲಲ್ಲಿ ನಿಂತಿದ್ದರು. ಹೋಗಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚತೊಡಗಿದರು. ಲ್ಯಾಪ್‌ಟಾಪ್ ಮುಚ್ಚಿಕೊಂಡು ಮನೆಗೆ ಬಂದೆ. ಆಂಟಿಯ ಮೇಲೆ ನನಗೆ ಸಿಟ್ಟೂ ಬಂದಿತ್ತು, ನಿಜ ಹೇಳುತ್ತೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅಮ್ಮನ ಮುಂದೆ ಹಾರಾಡಿದೆ.

ಕೆಲವು ದಿನ ಬಿಟ್ಟು ಆಂಟಿಯೇ ಬಂದು ಬಾಗಿಲು ತಟ್ಟಿದರು. ‘ಭಾನುವಾರ ಕ್ಯಾಮೆರಾ ತಗೊಂಡು ಕೆಳಗೆ ಬಾ. ಶೆಲ್ಟರ್ ಬೇಡ, ಅಲ್ಲಿ ನನಗೆ ಉಸಿರು ಕಟ್ಟತ್ತೆ’ ಅಂದರು.

ಭಾನುವಾರ ಮಧ್ಯಾಹ್ನ ವಾಯ್ಡ್ ಡೆಕ್‌ಗೆ ಬಿಲ್ಲು ಇಳಿಯಿತು. ಅದರ ಮುಂದೆ ಕೂತವರು ಆಂಟಿ. ಪಕ್ಕದಲ್ಲಿ, ಕೊಡದ ಮುಂದೆ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಅಂಕಲ್. ಅವರಿಗೆ ಕೊಡ ತಟ್ಟಲು ಬರುತ್ತಿರಲಿಲ್ಲ. ತಾಳ ತಪ್ಪಿದಾಗಲೆಲ್ಲ ಆಂಟಿ ಕಣ್ಣಲ್ಲೇ ಗದರುತ್ತಿದ್ದರು. ಮಾರ್ಕೆಟ್ಟಿನಿಂದ ಬಂದ ಚೀನೀ ಅಜ್ಜಿಯೊಬ್ಬರು ತಮ್ಮ ಟ್ರಾಲಿ ನಿಲ್ಲಿಸಿ ಕಲ್ಲು ಬೆಂಚಿನ ಮೇಲೆ ಕೂತರು. ಪಕ್ಕದಲ್ಲೇ ಎತ್ತರದ ಹಳಿಯ ಮೇಲೆ ಎಲ್‌ಆರ್‌ಟಿ ರೈಲು ಹೋಗುತ್ತಿತ್ತು.

ಆಂಟಿಯ ಗಂಟಲು ಹಾಡಿನದ್ದಲ್ಲ. ಆದರೂ ಒಂದು ಸಾಲು ಹೇಳಿ, ಅಂಕಲ್ ಕಡೆ ತಿರುಗುತ್ತಿದ್ದರು. ಅಂಕಲ್ ‘ಆಮಾ’ ಅನ್ನುತ್ತಿದ್ದರು. ಧ್ವನಿಯೇನೂ ಇಲ್ಲ, ಬರೀ ಗಾಳಿ. ಅದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆಂಟಿ ಕೋಲು ಎತ್ತಿ ಹಿಡಿದು ಕಾಯುತ್ತಿದ್ದರು. ನನ್ನ ಹಿಂದೆ ಅಮ್ಮ ಹೂಂ ಅನ್ನುತ್ತಿದ್ದರು.

ಕೊನೆಗೆ ದಡ ಬಂತು. ಅಂಕಲ್ ಬರೆದದ್ದನ್ನು ಆಂಟಿ ಹಾಡಲಿಲ್ಲ. ಆಂಟಿಯ ಕಥೆಯ ಹೆಂಗಸು ದಡದಲ್ಲಿ ಕೂರಲಿಲ್ಲ. ರುಬ್ಬುವ ಕಲ್ಲನ್ನು ಮತ್ತೆ ತಲೆಗೇರಿಸಿ, ಕಂಡವರನ್ನು ದಾರಿ ಕೇಳುತ್ತ ಊರೊಳಗೆ ನಡೆದಳು. ಗಂಡ ಸಿಕ್ಕನೋ ಇಲ್ಲವೋ ಹೇಳಲಿಲ್ಲ. ಅವಳು ರುಬ್ಬಿದ ಹಿಟ್ಟಿನ ದೋಸೆಯನ್ನು ಊರೇ ತಿಂದಿತು ಅಂತ ಹಾಡಿ ಆಂಟಿ ತಿರುಗಿದರು.

ಅಂಕಲ್ ಒಳಗಿನ ಮೂವರಲ್ಲಿ ಬರೆಯುವವರಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಂಡಿತು. ಚಿತ್ರ ಮಾಡುವವರು ಒಮ್ಮೆ ಕ್ಯಾಮೆರಾ ಕಡೆ ನೋಡಿದರು. ಆಂಟಿಯ ಕೋಲು ಮೇಲೆಯೇ ಇತ್ತು. ಒಂದು ಎಲ್‌ಆರ್‌ಟಿ ಬಂದು ಹೋಗುವಷ್ಟು ಹೊತ್ತಾಯಿತು. ಆಮೇಲೆ ಅಂಕಲ್ ಗಂಟಲಿಗೆ ಕೈ ಒತ್ತಿ ಹಿಡಿದು ‘ಆಮಾ’ ಅಂದರು.

ಆಫೀಸಿನಲ್ಲಿ ಆಡಿಯೊ ಕ್ಲೀನ್ ಮಾಡಲು ಹೋದರೆ, ಸಾಫ್ಟ್‌ವೇರ್ ಆ ಆಮಾವನ್ನು ಗಲಾಟೆ ಅಂದುಕೊಂಡು ಅಳಿಸಿಹಾಕುತ್ತಿತ್ತು. ಎಷ್ಟು ಸಲ ಮಾಡಿದರೂ ಅಷ್ಟೇ. ಅದು ಉಳಿಯಬೇಕಾದರೆ ರೈಲು, ಫ್ಯಾನು, ಟ್ರಾಲಿಯ ಚಕ್ರ, ಅಮ್ಮನ ಹೂಂ ಎಲ್ಲ ಉಳಿಯಬೇಕು. ಎಲ್ಲವನ್ನೂ ಉಳಿಸಿದೆ. ಅಂಕಲ್ ಆ ಚಿತ್ರವನ್ನು ನೋಡಿಯೇ ಹೋದರು.

ಈಗ ನಾವು ಬಿಶಾನ್‌ಗೆ ಶಿಫ್ಟ್ ಆಗಿದ್ದೇವೆ. ಇಲ್ಲಿಯ ಪಕ್ಕದ ಮನೆಯವರ ಮುಖ ನಾನಿನ್ನೂ ಸರಿಯಾಗಿ ನೋಡಿಲ್ಲ. ಮೊನ್ನೆ ಪುಂಗೋಲ್‌ಗೆ ಹೋದಾಗ ಆಂಟಿ ಚಿತ್ರ ಹಾಕು ಅಂದರು. ಶೆಲ್ಟರ್‌ಗೆ ಅಕ್ಕಿ ಮೂಟೆ ವಾಪಸ್ ಹೋಗಿದೆ, ಬಿಲ್ಲಿನ ಪಕ್ಕದಲ್ಲೇ. ಇಬ್ಬರೂ ಸೋಫಾದಲ್ಲಿ ಕೂತು ನೋಡಿದೆವು. ಕೊನೆಯಲ್ಲಿ ರೈಲು ಹೋಗುವ ಸದ್ದಿನ ಹಿಂದೆಯೇ ಆ ಗಾಳಿ ಬಂತು. ಗೊತ್ತಿಲ್ಲದವರಿಗೆ ಅದು ಏನೂ ಅಲ್ಲ.

‘ಕೇಳಿಸ್ತಾ?’ ಅಂತ ಆಂಟಿ ನನ್ನ ಕಡೆ ತಿರುಗಿದರು. ನಾನು ಏನಾದರೂ ಅನ್ನುವ ತನಕ ಅವರು ಮುಂದೆ ಮಾತಾಡುವವರಲ್ಲ.

‘ಹೂಂ’ ಅಂದೆ.