ಅಮ್ಮನಿಗೆ ನೇಪಾಳ ತೋರಿಸಿದ್ದು

ಎಪ್ಪತ್ತರ ದಶಕದ ನಡುವಿನಲ್ಲಿ ಎನ್.ಆರ್. ಕಾಲೋನಿಯ ನಮ್ಮ ವಠಾರದಿಂದ ಫಾರಿನ್ನಿಗೆ ಹೋಗಿ ಬಂದವರು ನಾವು ಮಾತ್ರ. ಫಾರಿನ್ ಅಂದರೆ ನೇಪಾಳ. ಪಾಸ್‌ಪೋರ್ಟ್ ಬೇಕಿರಲಿಲ್ಲ, ವಿಮಾನವೂ ಬೇಕಿರಲಿಲ್ಲ. ಅಪ್ಪ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಗುಮಾಸ್ತರು, ಗಡಿಯವರೆಗಿನ ರೈಲಿನ ಖರ್ಚು ಆಫೀಸೇ ಕೊಡುತ್ತಿತ್ತು. ಹಾಗಂತ ಅವರೇನೂ ಊರು ಸುತ್ತುವ ಮನುಷ್ಯರಲ್ಲ. ರಜ ಸಿಕ್ಕರೆ ಬನಿಯನ್ ಹಾಕಿಕೊಂಡು ಹಜಾರದಲ್ಲಿ ಪೇಪರ್ ಓದುತ್ತಾ ಕೂರುವವರು. ಅವರು ಹೊರಟಿದ್ದು ಅಮ್ಮನಿಗಾಗಿ.

ಆ ವರ್ಷದ ಮೊದಲಲ್ಲಿ ನಮ್ಮ ಪಾಪು ತೀರಿಕೊಂಡಿತ್ತು. ಇನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದ ಹೆಣ್ಣುಮಗು. ಜ್ವರ ಬಂತು, ಇಳಿಯಲಿಲ್ಲ. ಆಗ ನನಗೆ ಒಂಬತ್ತು, ತಮ್ಮನಿಗೆ ಐದು. ಅಮ್ಮ ಅಳುವುದನ್ನು ಬೇಗ ನಿಲ್ಲಿಸಿದಳು ಅಂತ ಎಲ್ಲರೂ ಸಮಾಧಾನಪಟ್ಟರು. ಆದರೆ ಅವಳು ಬೇರೆ ಎಲ್ಲವನ್ನೂ ನಿಲ್ಲಿಸುತ್ತಿದ್ದಾಳೆ ಅನ್ನುವುದು ಮನೆಯೊಳಗಿದ್ದ ನಮಗೆ ಮಾತ್ರ ಗೊತ್ತಾಗುತ್ತಿತ್ತು. ನನಗೆ ಜಡೆ ಹಾಕಲು ಕೂತವಳು ಒಂದು ಜಡೆ ಮುಗಿಸಿ, ಬಾಚಣಿಗೆ ಕೆಳಗಿಟ್ಟು ಎದ್ದುಹೋಗುತ್ತಿದ್ದಳು. ಇನ್ನೊಂದನ್ನು ಎದುರುಮನೆ ಅತ್ತೆಯ ಹತ್ತಿರ ಹಾಕಿಸಿಕೊಂಡು ನಾನು ಸ್ಕೂಲಿಗೆ ಹೋಗುತ್ತಿದ್ದೆ.

ನಮ್ಮ ಬೀದಿಯ ಡಾಕ್ಟರು ಟಾನಿಕ್ ಬರೆದುಕೊಟ್ಟು, ಅಪ್ಪನ ಭುಜ ತಟ್ಟಿ, "ಎಲ್ಲಾದ್ರೂ ದೂರ ಕರ್ಕೊಂಡ್ ಹೋಗಿ. ಹೊಸ ಜಾಗ ನೋಡಿದ್ರೆ ಮನಸ್ಸು ತಿರುಗುತ್ತೆ," ಅಂದರು. ಅವರ ಪ್ರಕಾರ ದೂರ ಅಂದರೆ ಮೈಸೂರೋ ಮದ್ರಾಸೋ ಇರಬೇಕು. ಅಪ್ಪ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ದೂರ ಹೆಚ್ಚಾದಷ್ಟೂ ಗುಣ ಹೆಚ್ಚು ಅಂದುಕೊಂಡು ದೇಶದ ಆಚೆಗೇ ಹೊರಟುಬಿಟ್ಟರು.

ಸುದ್ದಿ ಗೊತ್ತಾದದ್ದೇ ವಠಾರದ ಹೆಂಗಸರೆಲ್ಲ ಬಂದರು. ಒಬ್ಬರಿಗೆ ಮಡಿಸುವ ಛತ್ರಿ, ಇನ್ನೊಬ್ಬರಿಗೆ ಫ್ಲಾಸ್ಕು, ಎದುರುಮನೆ ಅತ್ತೆಗೆ ಒಗೆದರೂ ಇಸ್ತ್ರಿ ಬೇಡದ ನೈಲಾನ್ ಸೀರೆ. ಅಪ್ಪ ಯಾರಿಗೂ ಇಲ್ಲ ಅನ್ನಲಿಲ್ಲ. "ಆರಿಸೋಕೆ ಇವಳೇ ಇದಾಳಲ್ಲ," ಅನ್ನುತ್ತಿದ್ದರು. ಅದರಲ್ಲಿ ಅವರ ಲೆಕ್ಕಾಚಾರವಿತ್ತು. ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡುವುದರಲ್ಲಿ ಅಮ್ಮನದು ಎತ್ತಿದ ಕೈ. ಬೆಲೆ ಕೇಳಿ, ನಕ್ಕು, ಬೆನ್ನು ತಿರುಗಿಸಿ ಹೊರಟರೆ ಹೂವಿನವಳು ತಾನೇ ಕೂಗಿ ಕರೆಯಬೇಕು. ಅಂಗಡಿ ಬೀದಿಯಲ್ಲಿ ನಿಲ್ಲಿಸಿದರೆ ಹಳೇ ಹೆಂಡತಿ ಎದ್ದು ಬರುತ್ತಾಳೆ ಅಂತ ಅಪ್ಪ ನಂಬಿದ್ದರು.

ಮದ್ರಾಸಿನಲ್ಲಿ ರೈಲು ಬದಲಿಸಿ, ಆಮೇಲೆ ಇನ್ನೂ ಎಲ್ಲೆಲ್ಲೋ ಬದಲಿಸಿ, ಬಿಹಾರದ ಗಡಿ ದಾಟಿ ಬಸ್ಸು ಹತ್ತಿದೆವು. ಬೆಟ್ಟದ ತಿರುವುಗಳಲ್ಲಿ ತಮ್ಮ ವಾಂತಿ ಮಾಡಿಕೊಂಡ. ಅಮ್ಮ ಸೆರಗಿನಿಂದ ಅವನ ಬಾಯಿ ಒರೆಸಿದಳು, ಕಣ್ಣು ಮಾತ್ರ ಕಿಟಕಿಯ ಆಚೆಗಿತ್ತು. "ನೋಡೇ, ಎಷ್ಟು ಆಳ ಇದೆ ಕಣಿವೆ!" ಅಂದರು ಅಪ್ಪ. "ಹೂಂ," ಅಂದಳು.

ಕಠ್ಮಂಡುವಿನ ಅಂಗಡಿ ಸಾಲು ನೋಡಿ ನಾನೂ ತಮ್ಮನೂ ಮರುಳಾಗಿಹೋದೆವು. ಕೀಲಿ ಕೊಟ್ಟರೆ ನೆಗೆಯುವ ಕಪ್ಪೆ, ಬಣ್ಣಬಣ್ಣದ ಟಾರ್ಚು, ಚೀನಾದ ಪಿಂಗಾಣಿ ಬಟ್ಟಲು. ಒಂದು ಅಂಗಡಿಯಲ್ಲಿ ಅಪ್ಪ ಗುಲಾಬಿ ಬಣ್ಣದ ಸೀರೆ ಬಿಡಿಸಿ ಅಮ್ಮನ ಕೈಗೆ ಕೊಟ್ಟರು. ಅಂಗಡಿಯವನು ಬೆಲೆ ಹೇಳಿದ. ಅದು ಜಾಸ್ತಿ ಅನ್ನುವುದು ನನಗೂ ಗೊತ್ತಾಯಿತು.

"ಏನಂತೀಯೇ? ಜಾಸ್ತಿ ಆಯ್ತಲ್ವಾ?" ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು.

"ಕೊಟ್ಬಿಡಿ," ಅಂದಳು ಅಮ್ಮ.

"ಸ್ವಲ್ಪ ಕೇಳಿ ನೋಡು. ನೀನು ಕೇಳಿದ್ರೆ ಇಳಿಸ್ತಾನೆ."

"ಅವನಿಗೂ ಮನೆ ಇರುತ್ತೆ ರೀ. ಕೊಟ್ಬಿಡಿ."

ಅಪ್ಪ ಬಿಡಲಿಲ್ಲ. ಹರುಕು ಮುರುಕು ಹಿಂದಿಯಲ್ಲಿ ತಾವೇ ಚೌಕಾಸಿಗಿಳಿದರು. ಅಮ್ಮ ಮಾಡುತ್ತಿದ್ದ ಹಾಗೆಯೇ ನಕ್ಕರು, ಬೆನ್ನು ತಿರುಗಿಸಿ ಮೆಟ್ಟಿಲಿಳಿದರು. ಅಂಗಡಿಯವನು ಕರೆಯಲಿಲ್ಲ. ಸ್ವಲ್ಪ ದೂರ ಹೋಗಿ ಅಪ್ಪ ವಾಪಸ್ಸು ಬಂದು, ಅವನು ಹೇಳಿದಷ್ಟನ್ನೇ ಕೊಟ್ಟರು. ಅಮ್ಮ ಅಷ್ಟು ಹೊತ್ತೂ ಆ ಸೀರೆಯನ್ನು ಹಿಡಿದು, ಯಾರೋ ಹಿಡಿದುಕೊಂಡಿರು ಅಂದಿದ್ದಾರೆ ಅನ್ನುವ ಹಾಗೆ ನಿಂತಿದ್ದಳು.

ಮಾರನೆಯ ದಿನ ಪಶುಪತಿನಾಥನ ದೇವಸ್ಥಾನಕ್ಕೆ ಹೋದೆವು. ಪ್ರಾಕಾರದಲ್ಲಿ ನಾವು ಮಾತಾಡುವುದನ್ನು ಕೇಳಿ ವಯಸ್ಸಾದವರೊಬ್ಬರು ಹತ್ತಿರ ಬಂದರು. ಅಲ್ಲಿನ ಅರ್ಚಕರ ಮನೆಯವರಂತೆ, ನಮ್ಮ ಕರಾವಳಿ ಕಡೆಯವರು.

"ಬೆಂಗಳೂರಿನವರಾ? ಆ ಕಡೆಯ ಕನ್ನಡ ಕೇಳದೆ ಎಷ್ಟು ಕಾಲವಾಯ್ತು ಮಾರಾಯ್ರೆ!" ಅಂತ ಹಿಗ್ಗಿ, ತಮ್ಮನ ತಲೆ ಸವರಿ, "ಮಕ್ಕಳು ಇಬ್ಬರೇಯಾ?" ಅಂದರು.

"ಹೌದು, ಇಬ್ಬರು," ಅಂದರು ಅಪ್ಪ.

"ಮೂರು ಜನ," ಅಂದಳು ಅಮ್ಮ, ಅದೇ ಉಸಿರಿನಲ್ಲಿ.

ಅವರು ಸುತ್ತ ನೋಡಿದರು. "ಇನ್ನೊಂದು ಎಲ್ಲಿ?"

"ಮನೇಲಿದೆ. ಮಲಗಿದೆ."

ಎಷ್ಟೋ ತಿಂಗಳಿಂದ ಅಮ್ಮನ ದನಿ ಅಷ್ಟು ಮೆದುವಾಗಿ, ಅಷ್ಟು ಸಹಜವಾಗಿ ಬಂದಿರಲಿಲ್ಲ. ತಮ್ಮ, "ಇಲ್ಲಮ್ಮಾ, ಪಾಪು..." ಅಂತ ಶುರುಮಾಡಿದ. ನಾನು ಅವನ ಕೈ ಹಿಸುಕಿದೆ. ಆ ಹಿರಿಯರು ಪಂಚೆಯ ಗಂಟು ಬಿಚ್ಚಿ ಮೂರು ರುದ್ರಾಕ್ಷಿ ತೆಗೆದು, ನಮ್ಮಿಬ್ಬರಿಗೆ ಒಂದೊಂದು ಕೊಟ್ಟು, ಮೂರನೆಯದನ್ನು ಅಮ್ಮನ ಕೈಗೆ ಹಾಕಿದರು. "ಮಲಗಿರುವ ಕೂಸಿಗೆ," ಅಂದರು. ಆ ದೇಶದಲ್ಲಿ ಅಮ್ಮ ತಾನಾಗಿ ಕೈಯೊಡ್ಡಿ ತೆಗೆದುಕೊಂಡದ್ದು ಅದೊಂದನ್ನೇ.

ಅಪ್ಪನಿಗೆ ಉಳಿದಿದ್ದು ಹಿಮಾಲಯ. ಊರಿನಾಚೆಯ ಗುಡ್ಡವೊಂದಕ್ಕೆ ಬೆಳಗಿನ ಜಾವ ಜೀಪಿನಲ್ಲಿ ಕರೆದೊಯ್ದರು. ಮೋಡ ಮುಚ್ಚಿದರೆ ಏನೂ ಕಾಣುವುದಿಲ್ಲ ಅಂತ ಡ್ರೈವರು ಹೆದರಿಸಿದ್ದ. ಅಂದು ಮೋಡವಿರಲಿಲ್ಲ. ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಿಮದ ಸಾಲು ಮೊದಲು ಬೂದುಬಣ್ಣವಾಗಿ, ಆಮೇಲೆ ಕೆಂಪಾಗಿ, ಆಮೇಲೆ ಅರಿಶಿನವಾಗಿ ಹೊತ್ತಿಕೊಂಡಿತು. ಅಲ್ಲಿದ್ದವರೆಲ್ಲ ಕೈಮುಗಿದರು. ಅಪ್ಪ ಬೆಟ್ಟದ ಕಡೆ ನೋಡಲೇ ಇಲ್ಲ. ಅವರು ಅಮ್ಮನನ್ನು ನೋಡುತ್ತಿದ್ದರು.

ಅಮ್ಮ ತುಂಬಾ ಹೊತ್ತು ನೋಡಿದಳು. ಆಮೇಲೆ, "ಕಾಲು ಕೊರೀತಿದೆ. ಹೋಗೋಣ್ವಾ?" ಅಂದಳು.

"ಹೋಗೋಣ," ಅಂದರು ಅಪ್ಪ. ಮೋಡ ಕವಿದು ಏನೂ ಕಾಣದೆ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಮೋಡದ ಮೇಲಾದರೂ ತಪ್ಪು ಹೊರಿಸಬಹುದಿತ್ತು.

ಊರಿಗೆ ಬಂದ ಸಂಜೆ ಟ್ರಂಕಿನ ಸುತ್ತ ಹೆಂಗಸರು ಕೂತು ಛತ್ರಿ ಬಿಚ್ಚಿ ಮುಚ್ಚಿ ನೋಡಿದರು. "ಹೆಂಗಿತ್ತು ಫಾರಿನ್ನು?" ಅಂದರು ಎದುರುಮನೆ ಅತ್ತೆ.

"ಚೆನ್ನಾಗಿತ್ತು," ಅಂದಳು ಅಮ್ಮ.

ಆ ಒಂದು ಮಾತನ್ನು ಹಿಡಿದುಕೊಂಡು ಅಪ್ಪ ಸ್ವಲ್ಪ ದಿನ ಓಡಾಡಿದರು. ಇವಳೇ ಹೇಳಿದಳು, ಚೆನ್ನಾಗಿತ್ತಂತೆ, ಅಂತ ಬಂದವರಿಗೆಲ್ಲ ಹೇಳಿದರು. ಒಂದು ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಏಳಲಿಲ್ಲ. ಅಪ್ಪನೇ ಕಾಫಿ ಬೆರೆಸಿದರು. ಆಮೇಲೆ ವಿಶ್ವೇಶ್ವರಪುರದ ಇನ್ನೊಬ್ಬ ಡಾಕ್ಟರು, ಅವರ ಮಾತ್ರೆಗಳು, ಮಾತ್ರೆಗಳ ನಿದ್ದೆ. ಎದ್ದ ದಿನ ಅಡುಗೆ ಮಾಡುತ್ತಿದ್ದಳು, ಏಳದ ದಿನ ಇಲ್ಲ. ಕಾರಣ ಕೇಳುವುದನ್ನು ನಾವೂ ಬಿಟ್ಟೆವು. ಅಪ್ಪ ಮತ್ತೆ ಯಾವ ಊರಿನ ಹೆಸರನ್ನೂ ಎತ್ತಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅದೇ ಮನೆಗೆ ಬಂದಿದ್ದೆ. ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಅಮ್ಮನ ಮಡಿಲಲ್ಲಿಟ್ಟೆ. ಅವಳು ಬೆರಳಿನಿಂದ ಅದರ ಹುಬ್ಬು ಮುಟ್ಟಿದಳು. ಕೂಸು ಆಕಳಿಸಿತು. ನಾನು ಏನನ್ನೋ ಕಾಯುತ್ತಾ ಪಕ್ಕದಲ್ಲೇ ಕೂತಿದ್ದೆ.

"ತಗೋ," ಅಂದಳು ಅಮ್ಮ, "ಕೈ ಸೋಲುತ್ತೆ."