ಮೂರು ಬಲ್ಬಿನ ಕಾಟಲಿಂಗಪ್ಪ

ಶ್ರೀರಾಂಪುರದ ಪೋಸ್ಟ್‌ಮ್ಯಾನ್ ಕಾಟಲಿಂಗಪ್ಪನ ಮನೆಯಲ್ಲಿ ಅಂಗಡಿಯಿಂದ ತಂದ ಯಾವ ಸಾಮಾನೂ ತಂದ ಹಾಗೇ ಉಳಿಯುತ್ತಿರಲಿಲ್ಲ. ನೀರಿನ ತೊಟ್ಟಿಯಲ್ಲಿ ತೆಂಗಿನ ಚಿಪ್ಪೊಂದು ತೇಲುತ್ತಿತ್ತು. ತೊಟ್ಟಿ ತುಂಬಿದಾಗ ಅದು ಮೇಲೇರಿ ಎರಡು ತಂತಿ ತಾಗಿಸಿ ಗಂಟೆ ಹೊಡೆಸುತ್ತಿತ್ತು. ಸತ್ತ ಟಾರ್ಚ್ ಸೆಲ್ಲಿಗೆ ಮೊಳೆಯಿಂದ ತೂತು ಹೊಡೆದು, ಉಪ್ಪುನೀರಲ್ಲಿ ನೆನೆಸಿ, ಬಿಸಿಲಿಗಿಟ್ಟು ಅದರಲ್ಲೇ ಇನ್ನೊಂದು ವಾರ ರೇಡಿಯೋ ಕೇಳುತ್ತಿದ್ದ. ಹಾಲಿನ ಪಾತ್ರೆಯ ತಳದಲ್ಲಿ ಪುಟ್ಟ ಬಟ್ಟಲು ಬೋರಲು ಬಿದ್ದಿರುತ್ತಿತ್ತು. ಉಕ್ಕುವ ಮೊದಲು ಅದು ಲೊಟಲೊಟ ಸದ್ದು ಮಾಡಿ ಒಲೆಯ ಮುಂದಕ್ಕೆ ಹೆಂಡತಿ ಶಾಂತಕ್ಕನನ್ನು ಓಡಿಸುತ್ತಿತ್ತು.

"ಈ ಮನೇಲಿ ಇನ್ನೂ ಬಿಚ್ಚದೆ ಇರೋದು ನಾನೊಬ್ಳೇ" ಎನ್ನುತ್ತಿದ್ದಳು ಅವಳು.

ಇಂಥವನು ೧೯೭೩ರಲ್ಲಿ ಪಂಪ್‌ಸೆಟ್ಟಿಗೆ ಒಂದು ಪೆಟ್ಟಿಗೆ ಮಾಡಿದ. ಮೋಟಾರಿಗೆ ಮೂರು ಫೇಸು ಕರೆಂಟು ಬೇಕು. ನಡುವೆ ಒಂದು ಫೇಸು ಹೋದರೆ ಮೋಟಾರ್ ಗೊರ್ ಎನ್ನುತ್ತಾ ಉಳಿದೆರಡರಲ್ಲೇ ತಿರುಗಿ ಸುಟ್ಟುಹೋಗುತ್ತದೆ. ಚಿತ್ರದುರ್ಗದ ಜಬೀವುಲ್ಲಾ ಸಾಬರ ಗುಜರಿ ಅಂಗಡಿಯಿಂದ ತಂದ ಹಳೇ ರಿಲೇಗಳಿಂದ ಮಾಡಿದ ಆ ಪೆಟ್ಟಿಗೆ, ಫೇಸು ಹೋದ ಕ್ಷಣ ಟಕ್ ಎಂದು ಮೋಟಾರ್ ನಿಲ್ಲಿಸುತ್ತಿತ್ತು. ಮೊದಲನೆಯದನ್ನು ಬಾಗೂರಿನ ಅಕ್ಕ ಚಂದ್ರಕ್ಕನ ತೋಟದಲ್ಲಿ ಕೂರಿಸಿದ.

ಎರಡೇ ತಿಂಗಳಿಗೆ ಆ ಮೋಟಾರ್ ಸುಟ್ಟಿತು. ಭಾವ ಮೂರ್ತಪ್ಪ ಮೋಟಾರು, ಪೆಟ್ಟಿಗೆ ಸಮೇತ ಸ್ಟಾರ್ಟರು ಎರಡನ್ನೂ ಗಾಡಿಯಲ್ಲಿ ಹಾಕಿಕೊಂಡು ಹೊಸದುರ್ಗಕ್ಕೆ ಹೋದ. ಸುದ್ದಿ ಕೇಳಿ ಕಾಟಲಿಂಗಪ್ಪನೂ ಓಡಿದ. ಅಲ್ಲಿ ಏಕಾಂತಪ್ಪನ ರಿವೈಂಡಿಂಗ್ ಅಂಗಡಿ. ಸುತ್ತಲಿನ ಸುಟ್ಟ ಮೋಟಾರೆಲ್ಲ ಹೊಸ ಸುರುಳಿ ಸುತ್ತಿಸಿಕೊಳ್ಳುತ್ತಿದ್ದದ್ದು ಅಲ್ಲೇ. ಏಕಾಂತಪ್ಪ ಸ್ಟಾರ್ಟರಿನ ಹಸಿರು ಗುಂಡಿಯ ಸಂದಿಯಿಂದ ಹುಣಸೆ ಕಡ್ಡಿಯೊಂದನ್ನು ಇಕ್ಕಳದಲ್ಲಿ ಕಿತ್ತು ಚರಂಡಿಗೆಸೆದ. ಗುಂಡಿ ಒತ್ತಿ ಕಡ್ಡಿ ಸಿಗಿಸಿಟ್ಟರೆ, ಹೋದ ಕರೆಂಟು ಬಂದ ಕೂಡಲೇ ಮೋಟಾರ್ ತಾನೇ ಹೊರಡುತ್ತದೆ, ತೋಟಕ್ಕೆ ನಡೆಯುವುದು ತಪ್ಪುತ್ತದೆ.

"ಭಾವ, ಕಡ್ಡಿ ಸಿಗಿಸೀರಲ್ಲ! ಗುಂಡಿ ಒತ್ತಿಕೊಂಡೇ ಇದ್ರೆ ಪೆಟ್ಟಿಗೆ ಏನ್ ಮಾಡೀತು?"

"ಊರೆಲ್ಲ ಸಿಗಿಸ್ತಾರಪ್ಪ" ಎಂದ ಮೂರ್ತಪ್ಪ.

ಏಕಾಂತಪ್ಪ ನಕ್ಕ. "ಲೇ ಕಾಟಲಿಂಗ, ಕಾಗದ ಹಂಚೋನು ಕಾಗದ ಹಂಚ್ಕಂಡಿರು. ಕಡ್ಡಿಗೆ ಎಲ್ಲಾದ್ರೂ ಮೋಟಾರ್ ಸುಡ್ತದೇನ್ಲೇ? ಸುಟ್ಟಿದ್ದು ನಿನ್ನ ಪೆಟ್ಟಿಗೆ. ಅಕ್ಕನ ತೋಟಕ್ಕೇ ಬೆಂಕಿ ಇಕ್ಕಿದ ತಮ್ಮನ್ನ ಇವತ್ತೇ ನೋಡಿದ್ದು!"

ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಬಿಚ್ಚಿಟ್ಟ ಮೋಟಾರಿನೊಳಗೆ ಎರಡು ಫೇಸಿನ ಸುರುಳಿ ಕರಕಲಾಗಿದ್ದವು, ಮೂರನೆಯದು ಹೊಸ ತಾಮ್ರದಂತೆ ಹೊಳೆಯುತ್ತಿತ್ತು. ಒಂದು ಫೇಸು ಹೋಗಿ ಸುಟ್ಟ ಮೋಟಾರಿನ ಗುರುತು ಅದು. ಇಪ್ಪತ್ತು ವರ್ಷದಿಂದ ಸುರುಳಿ ಸುತ್ತುವವನಿಗೆ ಅದು ತಿಳಿಯದೇ? ತಿಳಿದೂ ಸುಳ್ಳು ಹೇಳಿದ್ದ. ಇಂಥ ಪೆಟ್ಟಿಗೆ ಊರೂರಿಗೆ ಬಂದರೆ ಅವನ ಅಂಗಡಿಗೆ ಯಾರು ಬರುತ್ತಾರೆ?

ಮೂರ್ತಪ್ಪನಿಗೂ ಆ ಮಾತು ಅನುಕೂಲವೇ ಆಯಿತು. ಕಡ್ಡಿ ಸಿಗಿಸಿದ ಕೈ ತನ್ನದಲ್ಲವೇ! ಆ ವರ್ಷ ಗೌರಿ ಹಬ್ಬಕ್ಕೆ ಕಾಟಲಿಂಗಪ್ಪ ತವರಿನ ಅರಿಶಿನ-ಕುಂಕುಮ ಒಯ್ದರೆ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ. ಚಂದ್ರಕ್ಕ ಒಳಗೆ ನಿಂತು ಅಳುತ್ತಿದ್ದುದು ಬೀದಿಗೆ ಕೇಳಿಸಿತು.

ಕಾಟಲಿಂಗಪ್ಪ ಜಗಳಕ್ಕೆ ಹೋಗಲಿಲ್ಲ. ಏಕಾಂತಪ್ಪನ ಅನ್ನ ಇದ್ದದ್ದು ಸುಟ್ಟ ಮೋಟಾರಿನಲ್ಲಿ. ಮೋಟಾರೇ ಸುಡದಿದ್ದರೆ?

ಅವನ ಪೆಟ್ಟಿಗೆಯನ್ನು ಈಗ ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಪೆಟ್ಟಿಗೆ ಬಿಟ್ಟು ಬಲ್ಬು ಹಿಡಿದ. ಒಂದು ಹಲಗೆ, ಮೂರು ಹೋಲ್ಡರು, ಒಂದೊಂದು ಫೇಸಿಗೆ ಒಂದೊಂದು ಬಲ್ಬು. ಭಾನುವಾರ ಬಂತೆಂದರೆ ಸೈಕಲ್ಲಿಗೆ ಹಲಗೆ ಕಟ್ಟಿ ಹೊರಡುತ್ತಿದ್ದ. "ಮೂರೂ ಒಂದೇ ಸಮ ಉರಿದ್ರೆ ಗುಂಡಿ ಒತ್ರಿ. ಒಂದು ಆರಿದ್ರೆ ಒತ್ತಬ್ಯಾಡ್ರಿ. ಓಡ್ತಿರುವಾಗ ಒಂದು ಮಂಕಾದ್ರೂ ಸೈ, ತಕ್ಷಣ ಆಫ್ ಮಾಡ್ರಿ. ಕಡ್ಡಿ ಮಾತ್ರ ಯಾವತ್ತೂ ಸಿಗಿಸಬ್ಯಾಡ್ರಿ." ಓದಲು ಬಾರದವರಿಗೂ ಅರ್ಥವಾಗುವ ಪಾಠ. ಜನ ಮಜ್ಜಿಗೆ ಕೊಟ್ಟು, ಪುಣ್ಯಾತ್ಮ ಎಂದರು. ಆ ಪುಣ್ಯ ಅವನಿಗೆ ಬೇಕಿರಲಿಲ್ಲ. ಟಪಾಲು ಚೀಲ ತರಲು ಹೊಸದುರ್ಗಕ್ಕೆ ಹೋದಾಗಲೆಲ್ಲ ಏಕಾಂತಪ್ಪನ ಅಂಗಡಿಯ ಮುಂದೆ ಸೈಕಲ್ ನಿಧಾನ ಮಾಡುತ್ತಿದ್ದ. ಜಗುಲಿಯ ಮೇಲೆ ಮೊದಲು ಹದಿನಾಲ್ಕು ಮೋಟಾರ್ ಇದ್ದವು. ಮರುವರ್ಷ ಒಂಬತ್ತು. ೭೬ರ ಬೇಸಿಗೆಗೆ ಮೂರು. ಅಂದು ಮನೆಗೆ ಬಂದು ಎರಡು ಮುದ್ದೆ ಹೆಚ್ಚು ಉಂಡ.

"ಏನ್ ಹಬ್ಬ ಇವತ್ತು?" ಎಂದಳು ಶಾಂತಕ್ಕ.

"ಹಬ್ಬಾನೇ" ಎಂದ.

ಆ ಜೂನ್‌ನಲ್ಲಿ ಏಕಾಂತಪ್ಪ ತಾನೇ ಶ್ರೀರಾಂಪುರದ ಪೋಸ್ಟಾಫೀಸಿಗೆ ಬಂದ.

"ಕಾಟಲಿಂಗಪ್ಪಾರೆ, ನನ್ನ ಹೊಟ್ಟೆ ಮ್ಯಾಲೆ ಯಾಕ್ರೀ ಹೊಡಿತೀರಿ? ಹೊಳಲ್ಕೆರೆ ಕಡೆಯಿಂದಾದ್ರೂ ನಾಕು ಮೋಟಾರ್ ಬರ್ತಾವೆ. ಈಗ ಆ ಕಡೆ ರಾಮಗಿರಿಗೂ ಬಲ್ಬು ಒಯ್ತೀರಂತೆ."

"ಒಯ್ಯಾದೇ" ಎಂದ ಕಾಟಲಿಂಗಪ್ಪ, ಕಾಗದದ ಮೇಲೆ ಮುದ್ರೆ ಒತ್ತುತ್ತಾ. "ಬ್ಯಾಡ ಅಂದ್ರೆ ಒಂದು ಕೆಲ್ಸ ಮಾಡ್ರಿ. ಭಾನುವಾರ ಬಾಗೂರಿಗೆ ಬಂದು, ಅವತ್ತು ನೀವು ಹೇಳಿದ್ದು ಸುಳ್ಳು ಅಂತ ನಮ್ಮ ಭಾವನ ಮುಂದೆ ಹೇಳ್ರಿ. ಆಮೇಲೆ ನನ್ನ ಪೆಟ್ಟಿಗೇನ ನಿಮ್ಮ ಕೈಯಾರೆ ಕೂರಿಸ್ರಿ."

ಏಕಾಂತಪ್ಪ ಹೂಂ ಎಂದ.

ಶನಿವಾರ ಸಂಜೆ ಹೊಸ ಪೆಟ್ಟಿಗೆಗೆ ತಂತಿ ಎಳೆಯಲು ಕೂತು ಕಾಟಲಿಂಗಪ್ಪ ಹಾಳೆಯ ಮೇಲೆ ಚಿತ್ರ ಬರೆದ. ಬರೆಯುತ್ತಾ ಅವನ ಪೆನ್ಸಿಲ್ ನಿಂತಿತು. ಮೊದಲ ಪೆಟ್ಟಿಗೆಯ ತಂತಿ ಹಸಿರು ಗುಂಡಿಯನ್ನು ದಾಟಿದ ಮೇಲೆ ಬರುತ್ತಿತ್ತು. ಗುಂಡಿ ಒತ್ತಿದ್ದಷ್ಟು ಹೊತ್ತು ಕರೆಂಟು ಪೆಟ್ಟಿಗೆಯೊಳಗೆ ಹೋಗದೆಯೇ ಸಾಗುತ್ತಿತ್ತು. ಅದನ್ನೇ ಗುಂಡಿಗೂ ಮುಂಚೆ ಕೊಟ್ಟಿದ್ದರೆ, ಭಾವ ಕಡ್ಡಿ ಸಿಗಿಸಿದ್ದರೂ ಮೋಟಾರ್ ನಿಲ್ಲುತ್ತಿತ್ತು. ಕರೆಂಟಿನ ಲೆಕ್ಕವೆಲ್ಲ ಹಾಕಿದ್ದ. ಜನ ಕಡ್ಡಿ ಸಿಗಿಸುತ್ತಾರೆ ಎಂಬುದನ್ನು ಹಾಕಿರಲಿಲ್ಲ. ತಂತಿಯನ್ನು ಸರಿಯಾದ ಜಾಗಕ್ಕೆ ಬದಲಿಸಿದ. ಯಾರಿಗೂ ಹೇಳಲಿಲ್ಲ.

ಬಾಗೂರಿನ ಪಂಪ್‌ಮನೆಯ ಮುಂದೆ ಏಕಾಂತಪ್ಪ ತಲೆ ತಗ್ಗಿಸಿ ಹೇಳಿದ: "ಮೂರ್ತಪ್ಪಾರೆ, ಅವತ್ತು ಸುಟ್ಟಿದ್ದು ಪೆಟ್ಟಿಗೆಯಿಂದಲ್ಲ. ಫೇಸು ಹೋಗಿತ್ತು, ನಿಮ್ಮ ಕಡ್ಡಿ ನಿಲ್ಲಾಕೆ ಬಿಡ್ಲಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದೆ."

ಮೂರ್ತಪ್ಪ ಕೆಮ್ಮಿ, ತೆಂಗಿನ ಮರ ನೋಡಿದ. ಚಂದ್ರಕ್ಕ ಸೆರಗಿನಿಂದ ಕಣ್ಣೊರಸಿಕೊಂಡಳು. ಮೂರು ವರ್ಷ ಕಾದ ಮಾತು ಕಾಟಲಿಂಗಪ್ಪನ ಕಿವಿಗೆ ತಣ್ಣಗೆ ಇಳಿಯಿತು.

ಏಕಾಂತಪ್ಪ ಒಳಗೆ ಹೋಗಿ ಪೆಟ್ಟಿಗೆ ಕೂರಿಸತೊಡಗಿದ. ಕಾಟಲಿಂಗಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತ. ಒಂದು ತಂತಿಯ ಮೇಲೆ ಏಕಾಂತಪ್ಪನ ಬೆರಳು ತಡೆಯಿತು. ಕಸುಬಿನವನ ಕಣ್ಣು.

"ಇದು ಅವಾಗ ಗುಂಡಿ ಆಚೆ ಇತ್ತಲ್ಲ?" ಎಂದ, ಮೆಲ್ಲಗೆ. ತುಟಿಯ ಮೇಲೆ ಹಳೆಯ ನಗು ಬಂತು. "ನಿಂದೂ ತಪ್ಪೈತೆ ಹಂಗಾದ್ರೆ. ಹೇಳ್ಲೇನಪ್ಪ, ನಿಮ್ಮ ಭಾವಂಗೆ?"

'ರೀ' ಹೋಗಿತ್ತು. ಕಾಟಲಿಂಗಪ್ಪ ಒಂದು ಗಳಿಗೆ ಯೋಚಿಸಿದ. ಸುಮ್ಮನಿದ್ದರೆ ಈ ಮಾತು ಜೀವಮಾನವೆಲ್ಲ ಇವನ ಜೇಬಿನಲ್ಲಿರುತ್ತದೆ. ಅಷ್ಟು ಸುಖವನ್ನೂ ಇವನಿಗೆ ಬಿಡಬಾರದು.

ಹೊರಗೆ ಬಂದು ಗಟ್ಟಿಯಾಗಿ ಹೇಳಿದ: "ಭಾವ, ನಂದೂ ತಪ್ಪಿತ್ತು. ಒಂದು ತಂತಿ ಬೇರೆ ಕಡೆ ಕೊಟ್ಟಿದ್ರೆ ನಿಮ್ಮ ಕಡ್ಡಿ ಇದ್ರೂ ಮೋಟಾರ್ ಉಳೀತಿತ್ತು. ನಿನ್ನೆ ಗೊತ್ತಾಯ್ತು. ಈಗ ಸರಿ ಮಾಡೀನಿ."

ಮೂರ್ತಪ್ಪ ಬಾಮೈದನನ್ನು ನೋಡಿದ, ಪಂಪ್‌ಮನೆಯ ಬಾಗಿಲಲ್ಲಿ ಬಾಯಿ ತೆರೆದು ನಿಂತ ಏಕಾಂತಪ್ಪನನ್ನು ನೋಡಿದ.

"ಅಂತೂ ಒಂದು ಮೋಟಾರಿಗೆ ಮೂರು ಜನದ್ದೂ ತಪ್ಪು ಅನ್ನು" ಎಂದ. "ಆಗ್ಲಿ. ಬರ್ರಿ ಇಬ್ರೂ, ಉಂಬಾಕೆ ಹೋಗಾಣ."

"ನಾನು ಬರ್ತೀನಿ ಭಾವ" ಎಂದ ಕಾಟಲಿಂಗಪ್ಪ. "ಏಕಾಂತಪ್ಪಾರು ಆಮೇಲೆ ಬರ್ತಾರೆ. ನಾಕು ಸ್ಕ್ರೂ ಬಾಕಿ ಅವೆ."